ಕೆಂಪು ಟವೆಲ್ ಮತ್ತು ಎರಡನೇ ಗುಡ್ಡ

ಹೋದ ವಾರ ಅಂಗಡಿಯಲ್ಲಿ ಹಳೆ ಬಟ್ಟೆಯ ಚೀಲ ಬಿಚ್ಚಿಕೊಂಡು ಕೂತಿದ್ದೆ. ಚನ್ನಗಿರಿಯಲ್ಲಿ ಗಾದಿ, ದಿಂಬು, ರಜಾಯಿ ಹೊಲಿಯುವುದು ನಮ್ಮ ಮನೆತನದ ಕಸುಬು. ಒಳ್ಳೆಯ ಗಾದಿಗೆ ಒಳ್ಳೆಯ ಹತ್ತಿಯನ್ನೇ ಹಾಕುತ್ತೇವೆ, ಅದರಲ್ಲಿ ಮೋಸವಿಲ್ಲ. ಆದರೆ ಸಂತೆಯಲ್ಲಿ ಅಗ್ಗಕ್ಕೆ ಸಿಗುವ ದಿಂಬಿನ ಹೊಟ್ಟೆಯೊಳಗೆ ಏನೇನಿರುತ್ತದೆ ಎಂದು ಮಾತ್ರ ನೀವು ಕೇಳಬಾರದು, ನಾನು ಹೇಳಬಾರದು. ಅಂಥ ದಿಂಬಿಗೆಂದು ಹರಿದ ಲುಂಗಿ, ಬಣ್ಣಗೆಟ್ಟ ಪರದೆ, ಮಕ್ಕಳ ಚಡ್ಡಿಗಳನ್ನೆಲ್ಲ ಬೇರೆ ಮಾಡುತ್ತಿದ್ದಾಗ ಒಂದು ಕೆಂಪು ಟವೆಲ್ ಕೈಗೆ ಬಂತು. ಒಂದು ಮೂಲೆ ಸುಟ್ಟು ಕರಕಲಾಗಿತ್ತು. ನಾನು ಕತ್ತರಿ ತೆಗೆದುಕೊಳ್ಳುವಷ್ಟರಲ್ಲಿ ಒಳಗಿನಿಂದ ಬಂದ ಜೈತೂನ್ ಅದನ್ನು ಕಿತ್ತುಕೊಂಡಳು.

"ಇದನ್ನ ಯಾರು ಈ ಚೀಲಕ್ಕೆ ಹಾಕಿದ್ದು?" ಎಂದಳು.

"ನಾನಲ್ಲ" ಎಂದೆ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನಾನು ಕಲಿತ ಮುಖ್ಯ ಮಾತು ಅದೊಂದೇ.

ಜೈತೂನ್ ನನ್ನ ಹೆಂಡತಿ. ಟವೆಲನ್ನು ಕೊಡವಿ, ನಾಲ್ಕು ಮಡಿಕೆ ಮಾಡಿ, ಅಲ್ಮೇರಾದಲ್ಲಿ ತನ್ನ ಮದುವೆ ಸೀರೆಯ ಪಕ್ಕ ಇಟ್ಟು ಬೀಗ ಹಾಕಿದಳು. ಸುಟ್ಟ ಟವೆಲಿಗೆ ಇಂಥ ಮರ್ಯಾದೆ ಏಕೆ ಎಂದು ನಮ್ಮ ಮಗಳು ರೇಷ್ಮಾ ಕೇಳಿದಳು. "ನಿಮ್ಮಪ್ಪನ್ನ ಕೇಳು" ಎಂದು ಹೇಳಿ ಅವಳು ಒಳಗೆ ಹೋದಳು. ಮಗಳಿಗೆ ಹೇಳಲು ನನಗೆ ನಾಚಿಕೆಯಾಯಿತು. ನಿಮಗಾದರೆ ಹೇಳಬಹುದು, ನೀವೇನು ಅಂಗಡಿಗೆ ಬಂದು ನನ್ನ ಮುಖ ನೋಡುವುದಿಲ್ಲವಲ್ಲ.

ಆದರೆ ಟವೆಲಿನ ಮಾತಿಗೆ ಮೊದಲು ನನ್ನ ಹೆಸರಿನ ಮಾತು ಹೇಳಬೇಕು. ನನ್ನ ಹೆಸರು ದಾದಾಪೀರ್. ನಮ್ಮ ಕಡೆ ಒಂದು ಮಸೀದಿಯ ಮುಂದೆ ನಿಂತು ಈ ಹೆಸರು ಕೂಗಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆ, ಅಷ್ಟು ಸಾಮಾನ್ಯವಾದ ಹೆಸರು. ಅಂಗಡಿಗೆ ಬರುವವರು, ಕರೆಂಟ್ ಬಿಲ್ಲಿನವರು, ಎದುರು ಚಹಾದಂಗಡಿಯವನು ಎಲ್ಲರೂ ಅದನ್ನು ದಿನವೂ ಕರೆಯುತ್ತಾರೆ. ಕರೆಯದೆ ಇರುವವಳು ಒಬ್ಬಳೇ.

ಈ ಪದ್ಧತಿ ನಮ್ಮ ಮನೆಯಲ್ಲಿ ಅಮ್ಮನ ಕಾಲದಿಂದಲೂ ಇತ್ತು. ಗಂಡನ ಹೆಸರು ಹಿಡಿದು ಕರೆದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ಅಮ್ಮ ನಂಬಿದ್ದಳು. ನಮ್ಮ ಓಣಿಯ ಲಿಂಗಾಯತರ ಅಜ್ಜಿಯರೂ ಹಾಗೆಯೇ ನಂಬಿದ್ದರು, ಆ ಒಂದು ವಿಷಯದಲ್ಲಿ ಇಡೀ ಓಣಿಗೆ ಒಂದೇ ಮತ. ಹಾಗಾಗಿ ಚಿಕ್ಕಂದಿನಲ್ಲಿ ನನಗೊಂದು ಕೆಲಸವಿತ್ತು. ರೇಷನ್ ಅಂಗಡಿಗೆ, ಆಸ್ಪತ್ರೆಗೆ ಅಮ್ಮ ನನ್ನನ್ನು ಕರೆದುಕೊಂಡು ಹೋಗುತ್ತಿದ್ದದ್ದು ಚೀಲ ಹೊರಲು ಅಲ್ಲ. ಕೌಂಟರಿನವರು "ಯಜಮಾನರ ಹೆಸರು?" ಎಂದಾಗ ಅಮ್ಮ ನನ್ನ ಭುಜಕ್ಕೆ ಮೆಲ್ಲಗೆ ತಿವಿಯುತ್ತಿದ್ದಳು. ನಾನು ಎದೆಯುಬ್ಬಿಸಿ ಅಪ್ಪನ ಹೆಸರು ಹೇಳುತ್ತಿದ್ದೆ. ಬಹುಮಾನಕ್ಕೆ ಒಂದು ನಿಂಬೆಹುಳಿ ಪೆಪ್ಪರ್‌ಮೆಂಟು. ಶಾಲೆಯಲ್ಲಿ ಮೇಷ್ಟ್ರು ಕೇಳಿದ ಯಾವ ಪ್ರಶ್ನೆಗೂ ನಾನು ಅಷ್ಟು ಧೈರ್ಯದಿಂದ ಉತ್ತರ ಕೊಟ್ಟದ್ದು ನೆನಪಿಲ್ಲ.

ಅಪ್ಪನಾದರೂ ಹೆಸರಿಗಿಂತ ಸದ್ದಿನಿಂದಲೇ ಪರಿಚಿತ. ಹತ್ತಿ ಹಿಂಜುವ ದೊಡ್ಡ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಹೊನ್ನಾಳಿ, ನ್ಯಾಮತಿ ಕಡೆಯ ಊರುಗಳನ್ನು ಸುತ್ತುತ್ತಿದ್ದ. ದಸರಾ ರಜೆಯಲ್ಲಿ ನಾನೂ ಹಿಂದೆ ಹೋಗುತ್ತಿದ್ದೆ. ಓಣಿಯ ಬಾಯಲ್ಲಿ ನಿಂತು ಬಿಲ್ಲಿನ ತಂತಿಯನ್ನು ಒಮ್ಮೆ ಮಿಡಿದರೆ ಸಾಕು, ಟೊಂಯ್ ಎನ್ನುವ ಆ ಸದ್ದಿಗೆ ಹೆಂಗಸರು ಗಂಟುಕಟ್ಟಿದ ಹಳೆ ಗಾದಿ ಹೊತ್ತುಕೊಂಡು ಹೊರಗೆ ಬರುತ್ತಿದ್ದರು. ನ್ಯಾಮತಿಯ ಒಂದು ಮನೆಯಲ್ಲಿ ನಮಗೆ ಕಡುಬು, ತುಪ್ಪ ಹಾಕುತ್ತಿದ್ದರು. ಸಂಜೆ ಹೊಳೆಯಲ್ಲಿ ಮುಖ ತೊಳೆಯುವವರೆಗೂ ನಮ್ಮಿಬ್ಬರ ಹುಬ್ಬು, ರೆಪ್ಪೆ ಎಲ್ಲ ಹತ್ತಿಯಿಂದ ಬೆಳ್ಳಗಿರುತ್ತಿದ್ದವು. ಈಗ ಹತ್ತಿಯನ್ನು ಮೆಷಿನ್ ಹಿಂಜುತ್ತದೆ. ಬಿಲ್ಲು ಅಟ್ಟದ ಮೇಲಿದೆ.

ನಮ್ಮ ಕೆಲಸಕ್ಕೂ ಋತುವಿದೆ ಎಂದು ಹೇಳಲು ಇದೆಲ್ಲ ಹೇಳಿದೆ. ಚಳಿಗಾಲದಲ್ಲಿ ಊಟಕ್ಕೆ ಪುರಸೊತ್ತಿಲ್ಲ, ಬೇಸಿಗೆಯಲ್ಲಿ ಯಾರಿಗೂ ರಜಾಯಿ ಬೇಡ. ದೊಡ್ಡಣ್ಣ ಒಬ್ಬನೇ ಅಂಗಡಿ ನೋಡಿಕೊಂಡರೂ ಸಾಲುತ್ತದೆ. ನನಗೆ ಮದುವೆಯಾದ ಮೇಲೆ ಬಂದ ಎರಡನೇ ಬೇಸಿಗೆಯೂ ಹಾಗೇ ಖಾಲಿಯಾಗಿ ಕೂರುವ ಬೇಸಿಗೆಯೇ ಆಗಬೇಕಿತ್ತು.

ಆಗಿನ ನಮ್ಮ ಮನೆಯ ಸ್ಥಿತಿ ಹೇಳುತ್ತೇನೆ. ಅಪ್ಪ, ಅಮ್ಮ, ಇಬ್ಬರು ಅಣ್ಣಂದಿರು, ಅವರ ಹೆಂಡಿರು, ಮಕ್ಕಳು, ಮತ್ತು ಎಲ್ಲ ಕಡೆ ಹತ್ತಿಯ ಮೂಟೆ. ನನಗೂ ಜೈತೂನ್‌ಗೂ ಸಿಕ್ಕಿದ್ದು ಅಂಗಡಿಯ ಹಿಂದೆ ಮೂಟೆಗಳನ್ನು ಗೋಡೆಯ ಹಾಗೆ ಪೇರಿಸಿ ಮಾಡಿದ ಒಂದು ಮೂಲೆ. ಹತ್ತಿಯ ಗೋಡೆಯಲ್ಲಿ ಸದ್ದು ದಾಟುವುದಿಲ್ಲ ಎಂದು ನಾನು ಭಾವಿಸಿದ್ದೆ. ಒಂದು ಸಂಜೆ ನಾನು ಅವಳಿಗೆ ಏನೋ ಪ್ರೀತಿಯ ಮಾತು ಹೇಳಿದಾಗ ಮೂಟೆಯ ಆಚೆಯಿಂದ ಅಣ್ಣನ ಮಗ ಕಿಸಕ್ಕನೆ ನಕ್ಕ. ಅಂದಿನಿಂದ ಜೈತೂನ್ ಮನೆಯಲ್ಲಿ ನನ್ನ ಜೊತೆ ಉಪ್ಪು, ಎಣ್ಣೆ, ಸೋಪಿನ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ.

ನಾವು ಮಾತಾಡುತ್ತಿದ್ದದ್ದು ಬಸ್ಸಿನಲ್ಲಿ. ಕೆರೆಬಿಳಚಿಯಲ್ಲಿ ನನ್ನ ಸೋದರತ್ತೆ ಇದ್ದಳು. ಅವಳನ್ನು ನೋಡುವ ನೆಪದಲ್ಲಿ ಇಬ್ಬರೂ ಬಸ್ ಹತ್ತಿ ಪಕ್ಕಪಕ್ಕ ಕೂತರೆ ಹೋಗುವಾಗ ಅರ್ಧ ಮಾತು, ಬರುವಾಗ ಇನ್ನರ್ಧ ಮಾತು. ಅತ್ತೆಗೆ ಇದು ಗೊತ್ತಿರಲಿಲ್ಲ. "ನನ್ನ ಮ್ಯಾಲೆ ಇಷ್ಟು ಮಾಯೆ ಯಾರಿಗೂ ಇಲ್ಲ ಕಣಪ್ಪ, ವಾರಕ್ಕೊಂದು ಸಲ ಬರ್ತೀರಿ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ಪಾಪ, ಅವಳ ಮನೆಯ ಬಾಗಿಲು ಕಂಡ ಕೂಡಲೇ ನಮ್ಮಿಬ್ಬರ ಮುಖವೂ ಸಪ್ಪಗಾಗುತ್ತಿತ್ತು.

ಅಂಥ ಒಂದು ಪ್ರಯಾಣದಲ್ಲಿ ಜೈತೂನ್ ಕಿಟಕಿಯ ಕಡೆ ನೋಡುತ್ತಲೇ ವಿಷಯ ತೆಗೆದಳು. ಅವಳ ತವರು ಜಗಳೂರಿನ ಹತ್ತಿರ ಒಂದು ಗುಡ್ಡದ ಬುಡದಲ್ಲಿದೆ. ಆ ಗುಡ್ಡಗಳೆಲ್ಲ ಈಗ ಕೊಂಡುಕುರಿಗಳಿಗೆಂದು ಕಾಯ್ದಿಟ್ಟ ಕಾಡು.

"ನಮ್ಮಣ್ಣ ಫೋನ್ ಮಾಡಿದ್ದ. ಬ್ಯಾಸಿಗೀಗೆ ಕಾಡಿನಾಗೆ ಬೆಂಕಿ ಕಾಯಾಕೆ ಜನ ತಗೊಳ್ತಾರಂತೆ. ಮಳೆ ಬರೋ ತನಕ ಕೆಲಸ" ಎಂದಳು.

"ಕಾಯಲಿ" ಎಂದೆ.

"ಅಲ್ಲೊಂದು ದೊಡ್ಡ ಗೋಪುರ ಐತೆ. ಮ್ಯಾಲೆ ಒಂದು ಕೋಣೆ. ಗಂಡ ಹೆಂಡ್ತಿ ಇಬ್ಬರೂ ಬಂದ್ರೆ ಅದನ್ನ ಅವರಿಗೇ ಕೊಡ್ತಾರಂತೆ. ಸುತ್ತ ಯಾರೂ ಇರಲ್ಲಂತೆ."

ಕೊನೆಯ ಮಾತನ್ನು ಅವಳು ಬಹಳ ಮೆಲ್ಲಗೆ ಹೇಳಿದಳು. ನಾನು ಕೂಡಲೇ ಆನೆ ಇದೆಯೇ ಎಂದು ಕೇಳಿದೆ. ನಮ್ಮ ತಾಲ್ಲೂಕಿನ ಕಾಡಿನ ಕಡೆಯಿಂದ ಆನೆಯ ಸುದ್ದಿ ಬಂದಾಗಲೆಲ್ಲ ನಾನು ಅಂಗಡಿಯ ಬಾಗಿಲನ್ನು ಬೇಗ ಎಳೆಯುವವನು. ಕಾಡೆಂದರೆ ನನಗೆ ಗೊತ್ತಿದ್ದದ್ದು ಬೂರುಗದ ಮರ ಒಂದೇ, ಅದೂ ಅದರ ಹತ್ತಿಯಲ್ಲಿ ಒಳ್ಳೆಯ ದಿಂಬಾಗುತ್ತದೆ ಎಂಬ ಕಾರಣಕ್ಕೆ. ಆನೆ ಇಲ್ಲ ಎಂದಳು. ಕರಡಿ ಇದೆ ಎಂಬುದನ್ನು ಅಲ್ಲಿಗೆ ಹೋದ ಮೇಲೆ ಹೇಳಿದಳು. ಕೊಂಡುಕುರಿ ಎಂದರೆ ನಾಲ್ಕು ಕೊಂಬಿನ ಪುಟ್ಟ ಜಿಂಕೆಯಂಥ ಪ್ರಾಣಿ, ಅದು ಹಿಂಡಿನಲ್ಲಿ ಬದುಕುವುದಿಲ್ಲ, ಒಂಟಿಯಾಗಿ ಇಲ್ಲವೇ ಜೋಡಿಯಾಗಿ ಇರುತ್ತದೆ ಎಂದೂ ವಿವರಿಸಿದಳು. ಆ ಪ್ರಾಣಿಯನ್ನು ನೋಡುವ ಮೊದಲೇ ನನಗೆ ಅದರ ಮೇಲೆ ಹೊಟ್ಟೆಕಿಚ್ಚಾಯಿತು.

ಮನೆಯಲ್ಲಿ ಒಪ್ಪಿಸುವುದು ಸುಲಭವಾಯಿತು. ಬೇಸಿಗೆಯಲ್ಲಿ ದುಡಿಮೆ ಎಂದರೆ ಯಾರು ಬೇಡ ಎನ್ನುತ್ತಾರೆ? ಅಮ್ಮ ಮಾತ್ರ ಸೊಸೆಯ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಹೋಗಿ ಬರ್ರಿ. ನನಗೂ ಒಂದು ಕಾಲದಾಗೆ ಹಿಂಗೇ ಅನ್ನಿಸ್ತಿತ್ತು" ಎಂದಳು. ಅವಳಿಗೆ ಏನು ಅನ್ನಿಸುತ್ತಿತ್ತು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಅರ್ಜಿ ಹಾಕುವ ದಿನ ಗುಡ್ಡದ ಬುಡದ ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಫಾರೆಸ್ಟರ್ ಕೂತಿದ್ದರು. ಬೆಳಗಿನ ಚಳಿಗೆ ಕೊರಳಿಗೆ ಮಫ್ಲರ್ ಸುತ್ತಿಕೊಂಡಿದ್ದ, ದನಿ ಎತ್ತರವಿದ್ದರೂ ಕಣ್ಣಿನಲ್ಲಿ ಕೆಡುಕಿಲ್ಲದ ಮನುಷ್ಯ. ಗಂಡಸರಿಗೊಂದು ಸಾಲು, ಹೆಂಗಸರಿಗೊಂದು ಸಾಲು. ಆಧಾರ್, ಪಾಸ್‌ಬುಕ್, ಎರಡು ಫೋಟೊ. ಅದಕ್ಕೆ ಮೊದಲು ಎಲ್ಲರೂ ಗುಡ್ಡ ಹತ್ತಿ ಇಳಿಯಬೇಕು. ಚಿಕ್ಕಂದಿನಲ್ಲಿ ಅಲ್ಲೇ ಆಡು ಮೇಯಿಸಿದ್ದ ಜೈತೂನ್ ಸೀರೆ ಎತ್ತಿ ಕಟ್ಟಿ ಹೋಗಿ ಬಂದು ನೀರು ಕುಡಿದು ಕೂತಳು. ಹುಟ್ಟಿದಾಗಿನಿಂದ ಗಾದಿಯ ಮೇಲೆ ಕೂತೇ ದುಡಿದ ನಾನು ಇಳಿದು ಬಂದಾಗ ಹೆಂಗಸರ ಸಾಲು ಅರ್ಧ ಕರಗಿತ್ತು.

ಟವೆಲ್ ಬರುವುದು ಇಲ್ಲಿಯೇ. ಅಂದು ನನ್ನ ಕೊರಳಲ್ಲಿ ಹೊಸ ಕೆಂಪು ಟವೆಲ್ ಇತ್ತು. ಜನರ ಮಧ್ಯೆ ಗುರುತು ಸಿಗಲಿ ಎಂದು ಜೈತೂನ್ ತಾನೇ ಹಾಕಿದ್ದಳು. ನನ್ನ ಹಿಂದೆಯೇ ಇಳಿದು ಬಂದ ಒಬ್ಬ ಹಿರಿಯರು ಬೆವರಿ ನೀರಾಗಿದ್ದರು. ಬುಡೇನ್ ಸಾಬ್ ಎಂದು ಹೆಸರು, ಪಕ್ಕದ ಹಳ್ಳಿಯಲ್ಲಿ ಕುರಿ ವ್ಯಾಪಾರ, ನಮ್ಮಪ್ಪನಿಗಿಂತ ಒಂದೆರಡು ವರ್ಷ ಚಿಕ್ಕವರು ಇರಬಹುದು. ನೋಡಲಾರದೆ ಟವೆಲ್ ಕೊಟ್ಟೆ. ಅವರು ಮುಖ ಒರೆಸಿ, ಹಿಂತಿರುಗಿ ಕೊಡುವ ಬದಲು ಹೆಗಲ ಮೇಲೆ ಹಾಕಿಕೊಂಡು ನನ್ನ ಮುಂದೆ ನಿಂತರು.

ಅಷ್ಟರಲ್ಲಿ ಮೇಜಿನ ಮುಂದೆ ಜೈತೂನ್ ಸರದಿ ಬಂದಿತ್ತು. ಅವಳ ಆಧಾರ್‌ನಲ್ಲಿ ಇನ್ನೂ ಅವಳ ಅಪ್ಪನ ಹೆಸರೇ ಇತ್ತು.

"ಗಂಡನ ಹೆಸರೇನಮ್ಮ?" ಎಂದರು ಫಾರೆಸ್ಟರ್.

ಜೈತೂನ್ ಸೆರಗಿನ ಅಂಚು ಹಿಡಿದು ಕಣ್ಣು ತಗ್ಗಿಸಿದಳು. ಅಮ್ಮನಿಗೆ ಭುಜ ತಿವಿಯಲು ನಾನಿದ್ದೆ. ನಮಗೆ ಆಗ ಮಕ್ಕಳಿರಲಿಲ್ಲ.

"ಹೆಸರು ಹೇಳಮ್ಮ. ಬಂದಾನೋ ಇಲ್ವೋ?"

ಅವಳು ಕಣ್ಣು ತಗ್ಗಿಸಿಕೊಂಡೇ ಗಂಡಸರ ಸಾಲಿನ ಕಡೆ ಗಲ್ಲ ಎತ್ತಿ ತೋರಿಸಿದಳು.

"ಯಾರು, ಆ ಕೆಂಪು ಟವೆಲಿನವನಾ?"

ಅವಳು ತಿರುಗಿ ನೋಡದೆ ಹೂಂ ಎಂದು ತಲೆಯಾಡಿಸಿದಳು. ಅವಳಿಗೆ ಗೊತ್ತಿದ್ದ ಕೆಂಪು ಟವೆಲ್ ಒಂದೇ. ನನಗೆ ಅವರ ಮಾತು ಕೇಳಿಸಲಿಲ್ಲ, ಕೇಳಿಸಿದ್ದರೂ ಮಾತು ಹೊರಡುತ್ತಿರಲಿಲ್ಲ, ಇನ್ನೂ ಏದುಸಿರು ಬಿಡುತ್ತಿದ್ದೆ. ಫಾರೆಸ್ಟರ್ ಬುಡೇನ್ ಸಾಬರನ್ನು ಕರೆದು ಹೆಸರು ಕೇಳಿ ಬರೆದುಕೊಂಡರು.

ಮಧ್ಯಾಹ್ನ ಆಯ್ಕೆಯಾದವರ ಹೆಸರು ಓದಿದರು. "ದೊಡ್ಡ ಗೋಪುರ, ಜೈತೂನ್ ಮತ್ತು ಅವಳ ಗಂಡ ಬುಡೇನ್ ಸಾಬ್."

ಬುಡೇನ್ ಸಾಬರು ಕೂತಲ್ಲಿಂದ ಎದ್ದು ನಿಂತರು. ಅವರ ಕೈಯಲ್ಲಿದ್ದ ಬೀಡಿ ಕೆಳಗೆ ಬಿತ್ತು. "ಸಾರ್, ಈ ಮಾತು ನಮ್ಮ ಮನೆಯಾಕೆಗೆ ಮುಟ್ಟಿದ್ರೆ ನನಗೆ ಕಾಡೇ ಗತಿ" ಎಂದರು. ಜನ ನಗಲು ಶುರುಮಾಡಿದರು. ಜೈತೂನ್ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಎದ್ದು, ಅವಳ ಗಂಡ ನಾನು, ಟವೆಲ್ ಮಾತ್ರ ಅವರ ಹತ್ತಿರ ಇದೆ ಎಂದೆ. ಇಂಥ ಮಾತನ್ನು ಗಂಭೀರವಾಗಿ ಹೇಳುವುದು ಹೇಗೆಂದು ನನಗೆ ಇವತ್ತಿಗೂ ತಿಳಿಯದು.

ಫಾರೆಸ್ಟರಿಗೆ ನಗುವೂ ಬಂತು, ಸಿಟ್ಟೂ ಬಂತು. "ಗಂಡನ ಹೆಸರೇ ಹೇಳದೋಳು ಬೆಂಕಿ ಬಿದ್ರೆ ಹೆಂಗಮ್ಮ ಹೇಳ್ತೀಯ?" ಎಂದು ದೊಡ್ಡ ಗೋಪುರವನ್ನು ಬೇರೆ ಒಂದು ಜೋಡಿಗೆ ಕೊಟ್ಟುಬಿಟ್ಟರು. ಜೈತೂನ್‌ಗೆ ಗೌರಮ್ಮ ಎಂಬ ವಿಧವೆ ಹೆಂಗಸಿನ ಜೊತೆ ಒಂದನೇ ಗುಡ್ಡದ ಸಣ್ಣ ಗೋಪುರ ಸಿಕ್ಕಿತು. ನನಗೆ ಕಣಿವೆಯ ಆಚೆ ಎರಡನೇ ಗುಡ್ಡದ ಗುಡಿಸಲು. ಜೊತೆಗೆ ಯಾರು ಎಂದು ನೀವು ಆಗಲೇ ಊಹಿಸಿರುತ್ತೀರಿ.

ಹೀಗೆ ಹೆಂಡತಿಯ ಜೊತೆ ಏಕಾಂತವಾಗಿ ಇರಲೆಂದು ಮನೆ ಬಿಟ್ಟ ನಾನು ಬುಡೇನ್ ಸಾಬರ ಜೊತೆ ಸಂಸಾರ ಹೂಡಿದೆ. ಅವರು ಒಳ್ಳೆಯವರು. ಗೊರಕೆ ಹೊಡೆಯುತ್ತಿದ್ದರು, ನನ್ನ ಟವೆಲನ್ನು ತಮ್ಮದೆಂದೇ ತಿಳಿದಿದ್ದರು, ಚಹಾಕ್ಕೆ ಶುಂಠಿ ಸಾಲದು ಎಂದು ದಿನವೂ ಹೇಳುತ್ತಿದ್ದರು. ಹಗಲೆಲ್ಲ ನಮ್ಮ ಕೆಲಸ ಒಣಹುಲ್ಲು ಕೆರೆದು ಬೆಂಕಿ ದಾಟದ ಹಾಗೆ ದಾರಿ ಮಾಡುವುದು, ಮೇಲೆ ನಿಂತು ಹೊಗೆ ಹುಡುಕುವುದು. ಕಣಿವೆಯ ಆಚೆ ಒಂದನೇ ಗುಡ್ಡದ ಮೇಲೆ ಜೈತೂನ್ ಒಂದು ಚುಕ್ಕಿಯಾಗಿ ಕಾಣುತ್ತಿದ್ದಳು. ನಾನು ಟವೆಲನ್ನು ಬುಡೇನ್ ಸಾಬರಿಂದ ಬಿಡಿಸಿ ಗುಡಿಸಲಿನ ಮುಂದಿನ ಗಳಕ್ಕೆ ಕಟ್ಟಿದೆ. ಚುಕ್ಕಿ ಕೈಯೆತ್ತಿತು. ಅಷ್ಟಕ್ಕೇ ನನ್ನ ಇಡೀ ದಿನ ಚೆನ್ನಾಗಿ ಹೋಯಿತು.

ಅಲ್ಲಿ ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಪ್ರತಿ ಗುಡ್ಡಕ್ಕೂ ಒಂದು ವಾಕಿಟಾಕಿ ಕೊಟ್ಟಿದ್ದರು. ಒಬ್ಬರು ಮಾತಾಡಿದರೆ ಎಲ್ಲ ಗುಡ್ಡದವರಿಗೂ, ಕೆಳಗೆ ಜೀಪಿನವರಿಗೂ ಕೇಳುತ್ತದೆ. ಯಾರು ಬೇಕೋ ಅವರ ಹೆಸರನ್ನು ಮೊದಲು ಎರಡು ಸಲ ಕರೆಯಬೇಕು, ಅದು ನಿಯಮ. ಬೆಳಿಗ್ಗೆ ಒಂದನೇ ಗುಡ್ಡದವರು ಎರಡನೇ ಗುಡ್ಡವನ್ನು ಕರೆದು ಸುದ್ದಿ ಕೇಳಬೇಕು. ಮೊದಲ ದಿನ ನಾನು ಆ ಪೆಟ್ಟಿಗೆಯನ್ನು ಕಿವಿಗೆ ಹಚ್ಚಿಕೊಂಡು ಕೂತೆ. ಈಗ ಜೈತೂನ್ ನನ್ನ ಹೆಸರು ಕರೆಯಲೇಬೇಕು, ಬೇರೆ ದಾರಿಯಿಲ್ಲ ಎಂದು ಖುಷಿಯಾಗಿತ್ತು.

"ಬುಡೇನಣ್ಣ, ಬುಡೇನಣ್ಣ" ಎಂದಿತು ಪೆಟ್ಟಿಗೆ. "ಹೊಗೆ ಗಿಗೆ ಐತೇನು?"

ಅವಳು ದಾರಿ ಹುಡುಕಿದ್ದಳು. ಬುಡೇನ್ ಸಾಬರು ಮೀಸೆ ತಿರುವಿಕೊಂಡು, "ಏನೂ ಇಲ್ಲ ತಂಗೀ, ಗಾಳಿ ತಣ್ಣಗೈತೆ, ನಿನ್ನ ಗಂಡ ಚಹಾ ಮಾಡಾಕತ್ಯಾನೆ, ಶುಂಠಿ ಕಡಿಮೆ" ಎಂದು ಇಡೀ ಕಾಡಿಗೆ ಕೇಳುವ ಹಾಗೆ ವರದಿ ಕೊಟ್ಟರು. ಅಂದಿನಿಂದ ಅದೇ ರೂಢಿಯಾಯಿತು. ದಿನವೂ ಬೆಳಿಗ್ಗೆ ನನ್ನ ಹೆಂಡತಿ ಬೇರೊಬ್ಬರ ಹೆಸರು ಕರೆಯುವುದು, ಅವರು ಉತ್ತರ ಕೊಡುವುದು, ನಾನು ಪಕ್ಕದಲ್ಲಿ ಕೂತು ಒಲೆ ಊದುವುದು. ನನಗೆ ಒಳಗೊಳಗೇ ಬೇಜಾರಾಗುತ್ತಿತ್ತು. ವಾರಕ್ಕೊಮ್ಮೆ ಅಕ್ಕಿ ಬೇಳೆ ತರಲು ಎಲ್ಲರೂ ಕೆಳಗಿಳಿದಾಗ ಕೇಳಿಯೇಬಿಟ್ಟೆ.

"ಒಂದು ಸಲ ಕರೆದರೆ ಏನಾಗುತ್ತೆ?"

"ನಿಮಗೆ ಏನೂ ಆಗಬಾರದು ಅಂತಾನೇ ಕರೆಯಲ್ಲ" ಎಂದು ಅವಳು ಬೇಳೆಯ ಚೀಲಕ್ಕೆ ಗಂಟು ಹಾಕಿದಳು.

ಏಪ್ರಿಲ್ ಬಂತು. ಹುಲ್ಲು ಮುಟ್ಟಿದರೆ ಪುಡಿಯಾಗುವಷ್ಟು ಒಣಗಿತ್ತು. ಒಂದು ಮಧ್ಯಾಹ್ನ ಬುಡೇನ್ ಸಾಬರು ಕೊಡ ಹಿಡಿದು ಕೆಳಗೆ ನೀರಿಗೆ ಹೋಗಿದ್ದರು. ನಾನು ಗುಡಿಸಲಿನ ನೆರಳಿನಲ್ಲಿ ಈರುಳ್ಳಿ ಹೆಚ್ಚುತ್ತಿದ್ದೆ. ನಮ್ಮ ಹಿಂದೆ ಒಂದು ದೊಡ್ಡ ಬಂಡೆ ಇತ್ತು, ಅದರ ಆಚೆಯ ಇಳಿಜಾರು ನಮಗೆ ಕಾಣುವುದಿಲ್ಲ. ಗಾಳಿ ನನ್ನ ಕಡೆಯಿಂದ ಬಂಡೆಯ ಕಡೆ ಬೀಸುತ್ತಿದ್ದರಿಂದ ವಾಸನೆಯೂ ಬಂದಿರಲಿಲ್ಲ.

ಗಳಕ್ಕೆ ನೇತುಹಾಕಿದ್ದ ಪೆಟ್ಟಿಗೆ ಮಾತಾಡಿತು. "ಬುಡೇನಣ್ಣ, ಬುಡೇನಣ್ಣ."

ನಾನು ಏಳಲಿಲ್ಲ. ಅದು ಬುಡೇನ್ ಸಾಬರ ಕರೆ, ಅವರು ಬಂದು ಮಾತಾಡುತ್ತಾರೆ ಎಂದುಕೊಂಡೆ. ಅಷ್ಟು ದಿನಗಳ ರೂಢಿ, ಜೊತೆಗೆ ಸ್ವಲ್ಪ ಮುನಿಸು.

"ಬುಡೇನಣ್ಣ, ಬುಡೇನಣ್ಣ, ಎತ್ತಿಕೊಳ್ರಿ."

ದನಿ ಬೇರೆಯಾಗಿತ್ತು. ನಾನು ಚಾಕು ಕೆಳಗಿಟ್ಟೆ. ಮಧ್ಯೆ ಯಾರೋ ಜೀಪಿಗೆ ಡೀಸೆಲ್ ಹಾಕಿಸುವ ಮಾತಾಡಿದರು. ಆಮೇಲೆ ಪೆಟ್ಟಿಗೆಯಲ್ಲಿ ಬರೀ ಕರಕರ ಸದ್ದು. ಆ ಸದ್ದಿನ ಆಚೆ ಯಾರೋ ಉಸಿರು ಎಳೆದುಕೊಂಡ ಹಾಗಾಯಿತು.

"ದಾದಾಪೀರ್."

ನಾನು ಎದ್ದು ನಿಂತೆ.

"ದಾದಾಪೀರ್, ನಿಮ್ಮ ಬೆನ್ನ ಹಿಂದೆ ಬೆಂಕಿ ಐತೆ. ಬಂಡೆ ಕಡೆ ಹೋಗಬ್ಯಾಡ್ರಿ. ನನ್ನ ಕಡೆ ಇಳೀರಿ."

ನಿಜ ಹೇಳುತ್ತೇನೆ, ನಾನು ಒಂದು ಕ್ಷಣ ಹಾಗೇ ನಿಂತಿದ್ದೆ. ನಾಲ್ಕು ಜನ ತಿರುಗಿ ನೋಡುವ ಆ ಸಾಮಾನ್ಯ ಹೆಸರು ನನ್ನೊಬ್ಬನದೇ ಎಂದು ಅನ್ನಿಸಿದ್ದು ಅದೇ ಮೊದಲು. ಆಮೇಲೆ ಬಂಡೆಯ ನೆತ್ತಿಯ ಮೇಲೆ ಹೊಗೆ ಎದ್ದದ್ದು ಕಂಡಿತು, ಅದರ ಹಿಂದೆಯೇ ಬೆಂಕಿ. ಗಾಳಿಗೆ ಎದುರಾಗಿಯೂ ಅದು ಇಳಿಜಾರು ಹತ್ತಿ ಬಂದಿತ್ತು. ಪೆಟ್ಟಿಗೆ ಕಿತ್ತುಕೊಂಡೆ, ಕೈಗೆ ಸಿಕ್ಕಿದ ಟವೆಲನ್ನೂ ಎಳೆದುಕೊಂಡೆ. ಅಷ್ಟರಲ್ಲಿ ಗಾಳಿ ತಿರುಗಿ, ಹಾರಿ ಬಂದ ಕಿಡಿ ಅದರ ಮೂಲೆಗೆ ಆಗಲೇ ಹತ್ತಿತ್ತು. ಅದನ್ನು ನೆಲಕ್ಕೆ ಬಡಿಯುತ್ತ, ಗುಡ್ಡ ಹತ್ತಲು ಬಾರದ ನಾನು ಅವಳ ಕಡೆಯ ಇಳಿಜಾರಿನಲ್ಲಿ ಕೂತು, ಜಾರಿ, ಉರುಳಿ ಕೆಳಗೆ ಬಂದೆ.

ಕಣಿವೆಯಲ್ಲಿ ಆಗಲೇ ಜನ ಸೇರಿದ್ದರು. ಹಸಿ ಸೊಪ್ಪಿನ ಕೊಂಬೆ ಮುರಿದುಕೊಂಡು ಎಲ್ಲರೂ ಬೆಂಕಿ ಬಡಿದೆವು. ಸಂಜೆಯ ಹೊತ್ತಿಗೆ ಆರಿತು. ನಮ್ಮ ಗುಡಿಸಲು ಇರಲಿಲ್ಲ. ಬುಡೇನ್ ಸಾಬರು ಖಾಲಿ ಕೊಡ ಹಿಡಿದುಕೊಂಡೇ ಓಡಿ ಬಂದು ನನ್ನನ್ನು ತಬ್ಬಿಕೊಂಡು ಅತ್ತರು. "ನೀರಿನ ಹತ್ರ ಜೀಪಿನ ಪೆಟ್ಟಿಗ್ಯಾಗೆ ಕೇಳಿದೆ ಕಣಪ್ಪ. ನಿನ್ನ ಹೆಸರು ಇಷ್ಟು ಚೆಂದ ಐತೆ ಅಂತ ನನಗೆ ಗೊತ್ತಿರಲಿಲ್ಲ" ಎಂದರು.

ಎಲ್ಲ ಮುಗಿದ ಮೇಲೆ ವಾಕಿಟಾಕಿಯಲ್ಲಿ ಫಾರೆಸ್ಟರ್ ದನಿ ಬಂತು. "ಜೈತೂನ್, ಜೈತೂನ್. ಈಗ ಬರ್ಕೊಂಡೆ ಕಣಮ್ಮ ನಿನ್ನ ಗಂಡನ ಹೆಸರು."

ಅವಳು ನನ್ನ ಹತ್ತಿರ ಬರಲಿಲ್ಲ. ಗೌರಮ್ಮನ ಬೆನ್ನ ಹಿಂದೆ ನಿಂತಿದ್ದಳು, ಮಸಿ ಹಿಡಿದ ಕೈಯಿಂದಲೇ ಕಣ್ಣು ಒರೆಸಿಕೊಂಡಿದ್ದರಿಂದ ಮುಖವೆಲ್ಲ ಮಸಿಯಾಗಿತ್ತು. ಮರುದಿನ ಬೆಳಿಗ್ಗೆ ಅವಳು ಯಾರಿಗೂ ಹೇಳದೆ ಇಳಿದು ಹೋಗಿ ಜಗಳೂರಿನ ದಾರಿಯ ಒಂದು ದರ್ಗಾದಲ್ಲಿ ಸಕ್ಕರೆಯ ಮೇಲೆ ಪ್ರಾರ್ಥನೆ ಓದಿಸಿಕೊಂಡು ಬಂದಳು. ಬಾಯಿಬಿಟ್ಟಿದ್ದರಿಂದ ನನ್ನ ಆಯಸ್ಸು ಕಡಿಮೆಯಾಗಿದ್ದರೆ ಅದನ್ನು ವಾಪಸ್ ತುಂಬಿಸಬೇಕಿತ್ತಂತೆ. ಆ ಸಕ್ಕರೆಯನ್ನು ನನ್ನ ಅಂಗೈಗೆ ಹಾಕಿ, ಪೂರ್ತಿ ತಿನ್ನುವವರೆಗೂ ಎದುರು ನಿಂತಿದ್ದಳು. ಅವಳು ಕರೆದಿದ್ದರಿಂದಲೇ ನಾನು ಉಳಿದೆ ಎಂದು ಹೇಳಿದರೆ, "ಅದು ಬೇರೆ, ಇದು ಬೇರೆ, ತಿನ್ರಿ" ಎಂದಳು. ಆ ದಿನ ನನಗೆ ಅವಳ ಮೇಲೆ ಬಂದಷ್ಟು ಪ್ರೀತಿ ಹತ್ತಿಮೂಟೆಗಳ ಹಿಂದೆ ಎಂದೂ ಬಂದಿರಲಿಲ್ಲ.

ದೊಡ್ಡ ಗೋಪುರದ ಕಥೆಯನ್ನೂ ಮುಗಿಸಿಬಿಡುತ್ತೇನೆ. ಅಲ್ಲಿದ್ದ ಜೋಡಿ ತಮ್ಮ ಕಡೆಯ ಮದುವೆಗೆಂದು ಹೊರಟಾಗ ಫಾರೆಸ್ಟರ್ ಅದನ್ನು ನಮಗೆ ಕೊಟ್ಟರು. ಸಾಮಾನು ಹೊತ್ತು ಮೇಲೆ ಹತ್ತಿದೆವು. ಒಂದು ಕೋಣೆ, ನಾಲ್ಕು ಕಡೆ ಕಿಟಕಿ, ಸುತ್ತ ಯಾರೂ ಇಲ್ಲ. ಏನು ಮಾತಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಮೊದಲು ಉಪ್ಪಿನ ವಿಷಯ ಮಾತಾಡಿದೆವು, ಆಮೇಲೆ ಎಣ್ಣೆಯ ವಿಷಯ. ಹಾಗೇ ನಗು ಬಂತು. ಜೋರಾಗಿ ನಕ್ಕೆವು, ಮೂಟೆಯ ಆಚೆ ಯಾರೂ ಇರಲಿಲ್ಲ. ಕತ್ತಲಾಗುವ ಮೊದಲು ಕೆಳಗಿನ ಬಯಲಿಗೆ ಎರಡು ಕೊಂಡುಕುರಿ ಬಂದು ನಿಂತವು. ಈ ಸಲ ನನಗೆ ಅವುಗಳ ಮೇಲೆ ಹೊಟ್ಟೆಕಿಚ್ಚಾಗಲಿಲ್ಲ.

ಮರುದಿನ ಮಳೆ ಬಂತು. ಜಗಳೂರಿನಲ್ಲಿ ಮಳೆಗೆ ಕಾಯದವರು ಯಾರೂ ಇರುವುದಿಲ್ಲ. ಅಂದು ಬೇಡವೆಂದು ಬೇಡಿಕೊಂಡವರು ನಾವಿಬ್ಬರೇ ಇರಬೇಕು. ನೆಲ ಚೆನ್ನಾಗಿ ನೆನೆದರೆ ಬೆಂಕಿ ಕಾಯುವವರಿಗೆ ಕೆಲಸವಿಲ್ಲ. ಜೀಪು ಬಂದು ವಾಕಿಟಾಕಿಗಳನ್ನು ವಾಪಸ್ ತೆಗೆದುಕೊಂಡು ಹೋಯಿತು. ನಾವು ಬಸ್ಸಿನಲ್ಲಿ ಚನ್ನಗಿರಿಗೆ ಬಂದೆವು, ದಾವಣಗೆರೆಯಲ್ಲಿ ಬಸ್ ಬದಲಾಯಿಸುವಾಗಲೂ ಮಾತು ನಿಲ್ಲಿಸಲಿಲ್ಲ.

ಅದಾದ ಮೇಲೆ ರೇಷ್ಮಾ ಹುಟ್ಟಿದಳು. ಮೂಟೆಗಳ ಮೂಲೆಗೆ ಇಟ್ಟಿಗೆಯ ಗೋಡೆ ಬಂತು. ಈಗ ರೇಷನ್ ಅಂಗಡಿಯಲ್ಲಿ ನನ್ನ ಹೆಸರು ಹೇಳುವ ಕೆಲಸ ಮಗಳದು, ಅವಳಿಗೆ ಪೆಪ್ಪರ್‌ಮೆಂಟು ಸಾಲದು, ಚಾಕೊಲೇಟೇ ಬೇಕು. ಎಲ್ಲಾದರೂ ಹೊಗೆ ಕಂಡರೆ ನಾನು ಸ್ಕೂಟರ್ ನಿಲ್ಲಿಸಿ ನೋಡುತ್ತೇನೆ, ಆ ಚಟ ಉಳಿದಿದೆ. ಮನೆಯಲ್ಲಿ ಜೈತೂನ್ "ಏನ್ರೀ" ಎಂದು ಕರೆದಾಗ ಕೆಲವು ಸಲ ಬೇಕೆಂದೇ ಕೇಳಿಸದವನ ಹಾಗೆ ಕೂರುತ್ತೇನೆ. ಎರಡನೇ ಸಲ, ಮೂರನೇ ಸಲವೂ "ಏನ್ರೀ" ಎಂದೇ ಕರೆಯುತ್ತಾಳೆ, ನಾಲ್ಕನೇ ಸಲ ಚಹಾ ತಣ್ಣಗಾಗಿರುತ್ತದೆ.

ಇಷ್ಟೆಲ್ಲ ನೆನಪಾಗಲು ಟವೆಲ್ ಒಂದೇ ಕಾರಣವಲ್ಲ. ಆ ಟವೆಲನ್ನು ಅಲ್ಮೇರಾಕ್ಕೆ ಸೇರಿಸಿದ ಸಂಜೆ ಜೈತೂನ್, "ಈ ವರ್ಷಾನೂ ಬೆಂಕಿ ಕಾಯಾಕೆ ಕರೆದಾರಂತೆ. ರೇಷ್ಮಾನ್ನ ಮನ್ಯಾಗೆ ಅತ್ತೆ ನೋಡ್ಕೊಂತಾರೆ" ಎಂದಳು. ನಾನು ಕರಡಿಯ ವಿಷಯ ತೆಗೆಯಲಿಲ್ಲ.

ಮೊನ್ನೆ ಹೋಗಿ ಬಂದೆವು. ಅದೇ ಬೇವಿನ ಮರ, ಅದೇ ಮೇಜು, ಕೂತಿದ್ದ ಫಾರೆಸ್ಟರ್ ಮಾತ್ರ ಹೊಸಬರು, ಸಣ್ಣ ವಯಸ್ಸಿನವರು. ಬುಡೇನ್ ಸಾಬರು ಈಗ ಗುಡ್ಡ ಹತ್ತುವುದಿಲ್ಲ, ನಮ್ಮನ್ನು ನೋಡಲೆಂದೇ ಬಂದು ದೂರದ ಕಲ್ಲಿನ ಮೇಲೆ ಕೂತಿದ್ದರು. ಅವರು ಹತ್ತಿರ ಬಂದಾಗಲೂ, ಜೈತೂನ್ ಅಲ್ಮೇರಾದಿಂದ ತೆಗೆದು ನನ್ನ ಕೊರಳಿಗೆ ಹಾಕಿದ್ದ ಆ ಟವೆಲನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಜೈತೂನ್ ಆಧಾರ್ ಈಗಲೂ ಬದಲಾಗಿಲ್ಲ, ಬದಲಾಯಿಸುವ ಕಡೆಯೂ ಬಾಯಿಬಿಟ್ಟು ಹೆಸರು ಹೇಳಬೇಕಲ್ಲ.

"ಗಂಡನ ಹೆಸರು?" ಎಂದರು ಹೊಸ ಫಾರೆಸ್ಟರ್.

ಜೈತೂನ್ ಗಂಡಸರ ಸಾಲಿನ ಕಡೆ ಗಲ್ಲ ಎತ್ತಿದಳು. ಈ ಸಲ ತಿರುಗಿ ನನ್ನನ್ನೇ ನೋಡಿದಳು.

"ಹಂಗೆ ತೋರಿಸಿದ್ರೆ ಆಗಲ್ಲ. ಹೆಸರು ಬಾಯಿಬಿಟ್ಟು ಹೇಳಬೇಕಮ್ಮ" ಎಂದರು ಅವರು.

"ಬೆಂಕಿ ಬಿದ್ದಾಗ ಹೇಳ್ತೀನಿ ಸಾರ್" ಎಂದಳು ಜೈತೂನ್.